ಮೀನಿನ ಹಾರ್ನ್ ಮತ್ತು ಕೆರೆಯ ಸುತ್ತಿನ ವಾಕಿಂಗ್

ನಿವೃತ್ತಿಯಾದ ಮೇಲೆ ನನಗೆ ಅಂಟಿಕೊಂಡ ಒಂದೇ ಚಟವೆಂದರೆ ಬೆಳಗಿನ ವಾಕಿಂಗ್. ಮಂಗಳೂರಿನ ನಮ್ಮ ಕಾವೂರು ಕೆರೆಗೆ ನಾಲ್ಕು ಸುತ್ತು, ಆ ನಾಲ್ಕೂ ಸುತ್ತಿಗೆ ಸಾಲುವಷ್ಟು ಊರಿನ ಸುದ್ದಿ. ಜೊತೆಗೆ ಎದುರು ಮನೆಯ ಬ್ಯಾರಿ ಮುಸ್ಲಿಂ ಹೆಂಗಸು. ಅವರ ಗಂಡನದು ಹಂಪನಕಟ್ಟೆಯಲ್ಲಿ ಬಟ್ಟೆ ಅಂಗಡಿ, ಇಬ್ಬರು ಗಂಡುಮಕ್ಕಳು ಗಲ್ಫಿನಲ್ಲಿ. ನನಗಿಂತ ಮೂರು ವರ್ಷ ದೊಡ್ಡವರಾದರೂ ಅವರಿಗೆ ನಾನು ‘ಟೀಚರ್’. ಶಾಲೆಯಲ್ಲಿ ಲೆಕ್ಕ ಕಲಿಸಿ ಮುದುಕಿಯಾದವಳಿಗೆ ಬೀದಿಯಲ್ಲಿ ಬೇರೆ ಹೆಸರು ಇರುವುದಿಲ್ಲ. ಇಡೀ ದಿನದಲ್ಲಿ ಈ ಒಂದು ಗಂಟೆ ಮಾತ್ರ ತನಗೆ ಸೇರಿದ್ದು ಎಂದು ಅವರು ಒಮ್ಮೆ ಹೇಳಿದ್ದರು. ಮಿಕ್ಕಿದ್ದೆಲ್ಲ ಅಡುಗೆಗೆ, ನೆಂಟರಿಗೆ, ಮಕ್ಕಳ ಫೋನಿಗೆ.

ಆ ಗಂಟೆಗೆ ಕಲ್ಲು ಬಿದ್ದದ್ದು ನಾನು ಶೀತ ಹಿಡಿದು ಮಲಗಿದ್ದ ದಿನ. ಅವರೊಬ್ಬರೇ ಹೊರಟಿದ್ದರು. ಬೈಕಿನಲ್ಲಿ ಬಂದ ಇಬ್ಬರು ಒಂದು ಮನೆಯ ವಿಳಾಸ ಕೇಳಿದರು. ನಮ್ಮ ಊರಿನಲ್ಲಿ ಯಾರಾದರೂ ದಾರಿ ಕೇಳಿದರೆ ಬಾಯಲ್ಲಿ ಹೇಳಿ ಮುಗಿಸುವ ಕ್ರಮವೇ ಇಲ್ಲ. ಹತ್ತಿರ ಹೋಗಬೇಕು, ಯಾರ ಮನೆ, ಯಾವ ಕಡೆಯವರು ಎಂದು ವಿಚಾರಿಸಬೇಕು, ಸಾಧ್ಯವಾದರೆ ತಿರುವಿನವರೆಗೆ ಹೋಗಿ ಬಿಟ್ಟುಬರಬೇಕು. ನನ್ನ ಗೆಳತಿಯೂ ಹತ್ತಿರ ಹೋದರು. “ಆಂಟಿ, ನಮ್ಮ ಫೋನಲ್ಲಿ ಚಾರ್ಜ್ ಇಲ್ಲ, ನಿಮ್ಮದರಲ್ಲಿ ಮ್ಯಾಪ್ ನೋಡ್ಬಹುದಾ?” ಎಂದರಂತೆ. ಇವರು ಲಾಕ್ ತೆಗೆದು ಫೋನನ್ನು ಕೈಗೇ ಕೊಟ್ಟರು. ಮೊಮ್ಮಕ್ಕಳ ಫೋಟೋಗಳ ಸಮೇತ ಅದು ಬೈಕಿನಲ್ಲಿ ಹೊರಟುಹೋಯಿತು.

ಫೋನು ಹೋದದ್ದಕ್ಕಿಂತ ಅವರನ್ನು ಕೊರೆದದ್ದು ನಾಚಿಕೆ. “ಕಿತ್ತುಕೊಂಡು ಹೋಗಿದ್ರೆ ಬೇರೆ ವಿಷಯ ಟೀಚರೇ. ನಾನೇ ಕೊಟ್ಟದ್ದಲ್ವಾ?” ಎಂದು ಅದನ್ನೇ ಹೇಳುತ್ತಿದ್ದರು. ಮಕ್ಕಳು ದುಬೈಯಿಂದ ಫೋನು ಮಾಡಿ, ಉಮ್ಮ ಇನ್ನು ಗೇಟು ದಾಟುವುದು ಬೇಡ ಎಂದು ಅಪ್ಪಣೆ ಕೊಟ್ಟರು. ಮನೆಯೊಳಗೆ ನಡೆಯುವ ಯಂತ್ರವೊಂದು ಬಂತು. ಒಂದು ವಾರದಲ್ಲಿ ಅದರ ಮೇಲೆ ಬಟ್ಟೆ ಒಣಗುತ್ತಿತ್ತು. ಅವರು ಕಿಟಕಿಯಿಂದ ರಸ್ತೆ ನೋಡುತ್ತ ಕೂರುವುದನ್ನು ಕಂಡು ನನಗೆ ಮೈಯೆಲ್ಲ ಉರಿಯುತ್ತಿತ್ತು. ಕದ್ದವರು ಹೊರಗೆ ಆರಾಮವಾಗಿ ತಿರುಗಬೇಕು, ಇವರು ಒಳಗೆ ಕೂರಬೇಕು, ಇದು ಯಾವ ಊರಿನ ನ್ಯಾಯ? ಇವರನ್ನು ಗೇಟಿನಿಂದ ಹೊರಗೆ ತಂದೇ ತರುತ್ತೇನೆ ಎಂದು ಹಟ ಹಿಡಿದೆ.

ನಿವಾಸಿಗಳ ಸಭೆ ಕರೆಯಿಸಿದೆ. ಬೀಟ್ ಪೊಲೀಸ್ ಹುಡುಗಿಯೊಬ್ಬಳು ಬಂದು ಚೊಕ್ಕವಾಗಿ ಮಾತಾಡಿದಳು: ಬೈಕಿನಿಂದ ನಾಲ್ಕು ಹೆಜ್ಜೆ ದೂರ ನಿಲ್ಲಿ, ಫೋನು ಕೈಬಿಡಬೇಡಿ, ಅನುಮಾನ ಬಂದರೆ ಜನ ಸೇರಿಸಿ, ನಂಬರ್ ಬರೆದುಕೊಂಡು ನಮಗೆ ಹೇಳಿ, ಯಾರ ಮೇಲೂ ಕೈ ಮಾಡಬೇಡಿ. ಜನ ಸೇರಿಸುವುದಕ್ಕೆಂದು ಹೆಂಗಸರಿಗೆಲ್ಲ ಒಂದೊಂದು ವಿಸಿಲ್ ಹಂಚಲಾಯಿತು. ಭಾನುವಾರ ಬೆಳಿಗ್ಗೆ ಪರೀಕ್ಷೆ ಮಾಡುವುದೆಂದು ನಾನೇ ರಸ್ತೆಯ ಬಾಯಿಗೆ ಹೋಗಿ ನಿಂತು ಶಕ್ತಿ ಇದ್ದಷ್ಟು ಊದಿದೆ.

ಒಂದು ಬಾಗಿಲೂ ತೆರೆಯಲಿಲ್ಲ. ಮುಖ್ಯರಸ್ತೆಯಲ್ಲಿ ಹಂಪನಕಟ್ಟೆಗೆ ಹೊರಟಿದ್ದ ಸಿಟಿ ಬಸ್ಸು ಮಾತ್ರ ಕಿರ್ರೆಂದು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಹಿಂದೆ ಮುಂದೆ ನೋಡಿ, “ಯಾರು ಮಾರಾಯ್ರೆ ವಿಸಿಲ್ ಹಾಕಿದ್ದು? ಇಳೀಲಿಕ್ಕೆ ಯಾರೂ ಇಲ್ಲ!” ಎಂದ. ನನ್ನ ಕೈಯಲ್ಲಿದ್ದದ್ದನ್ನು ಕಂಡು, “ಟೀಚರೇ, ಒಂದು ಹಾಕಿದ್ರೆ ನಾವು ನಿಲ್ಲುವುದು. ಈಗ ಎರಡು ಹಾಕಿ, ಹೋಗ್ತೇವೆ” ಎಂದ. ನಾನು ವಿಧಿಯಿಲ್ಲದೆ ಎರಡು ಊದಿದೆ. ಬಸ್ಸು ಹೋಯಿತು. ಮಂಗಳೂರಿನಲ್ಲಿ ಹುಟ್ಟಿ ಬೆಳೆದು, ದಿನಾ ಬಸ್ಸಿನ ವಿಸಿಲ್ ಕೇಳುವ ನಮ್ಮಲ್ಲಿ ಒಬ್ಬರಿಗೂ ಇದು ಮೊದಲೇ ಹೊಳೆಯಲಿಲ್ಲವಲ್ಲ ಎಂದು ನನ್ನ ಬುದ್ಧಿಗೆ ನಾನೇ ಬೈದುಕೊಂಡೆ. ಎದುರು ಮನೆಯ ಕಿಟಕಿಯಿಂದ ನಗು ಕೇಳಿಸಿತು. ಎಷ್ಟೋ ದಿನದ ಮೇಲೆ ಕೇಳಿದ ನಗು. ನನ್ನ ಮಾನ ಹೋದದ್ದಕ್ಕೆ ಅಷ್ಟಾದರೂ ಸಿಕ್ಕಿತು.

ಅವರು ಇನ್ನೂ ನಗುತ್ತಿರುವಾಗಲೇ ಮೀನಿನವನ ಸ್ಕೂಟರು ತಿರುವಿನಲ್ಲಿ ಪೋಂಪೋಂ ಎಂದಿತು. ನೋಡುತ್ತಿದ್ದಂತೆ ಎಲ್ಲ ಗೇಟುಗಳೂ ತೆರೆದವು. ನನ್ನ ವಿಸಿಲಿಗೆ ಅಲುಗಾಡದವರೆಲ್ಲ ಪಾತ್ರೆ ಹಿಡಿದು ರಸ್ತೆಯಲ್ಲಿದ್ದರು. ಒಬ್ಬರ ತಲೆಯಲ್ಲಿ ಎಣ್ಣೆ, ಇನ್ನೊಬ್ಬರ ಬಾಯಲ್ಲಿ ಬ್ರಶ್ಶು.

“ಟೀಚರೇ, ಕಳ್ಳ ಬಂದ್ರೆ ಯಾರೂ ಬರುವುದಿಲ್ಲ. ಬಂಗುಡೆ ಬಂದ್ರೆ ಎಲ್ಲರೂ ಬರ್ತಾರೆ. ನಮಗೆ ಬೇಕಾದದ್ದು ಆ ಹಾರ್ನ್!” ಎಂದು ಅವರು ಕಿಟಕಿಯಿಂದಲೇ ಕೂಗಿದರು.

ಮೀನಿನವನು ತಲೆತಲಾಂತರದಿಂದ ಕಡಲಿಗೆ ಹೋಗುವ ಮನೆಯವನು, ಮಾತಿನಲ್ಲಿ ಯಾರಿಗೂ ಸೋಲುವವನಲ್ಲ. “ನೀವೆಲ್ಲ ನನ್ನ ಹಾರ್ನ್ ಹೊಡೆದ್ರೆ ನನ್ನ ವ್ಯಾಪಾರ ಎಂತ ಆಗ್ಬೇಕು ಅಕ್ಕ? ಜನ ಬಂದು ನೋಡುವಾಗ ಮೀನು ಇಲ್ಲದಿದ್ರೆ ನನಗೇ ಬೈತಾರೆ” ಎಂದ. ಕೊನೆಗೆ ಒಪ್ಪಂದವಾಯಿತು. ಎರಡೆರಡು ಸಲ ಒತ್ತಿದರೆ ಮೀನು, ಬಿಡದೆ ಒತ್ತಿದರೆ ಅಪಾಯ. ತನ್ನ ಜೊತೆಯವರಿಂದ ಹಳೆಯ ರಬ್ಬರ್ ಹಾರ್ನ್‌ಗಳನ್ನು ಅವನೇ ತಂದುಕೊಟ್ಟ. ಮೂಲೆ ಮನೆಯ ಶುದ್ಧ ಸಸ್ಯಾಹಾರಿ ಭಟ್ಟರು ಮಾತ್ರ, ಆ ಶಬ್ದ ತಮ್ಮ ಕಿವಿಗೇ ಬೀಳುವುದಿಲ್ಲ ಎಂದರು. ಇನ್ನು ಮುಂದೆ ಬೀಳಿಸಿಕೊಳ್ಳಿ ಎಂದೆ, ತರಗತಿಯಲ್ಲಿ ಹೇಳುತ್ತಿದ್ದ ದನಿಯಲ್ಲೇ.

ಹಾರ್ನ್ ಕೈಗೆ ಬಂದ ಮೇಲೆ ಅವರು ನನ್ನೊಂದಿಗೆ ಹೊರಡಲು ಒಪ್ಪಿದರು. ಮೊದಲ ದಿನ ಗೇಟಿನವರೆಗೆ, ಎರಡನೆಯ ದಿನ ತಿರುವಿನವರೆಗೆ, ಒಂದು ವಾರಕ್ಕೆ ಕೆರೆಯವರೆಗೆ. ಬೈಕಿನ ಸದ್ದು ಕೇಳಿದರೆ ಆಗಲೂ ನನ್ನ ಕೈ ಹಿಡಿಯುತ್ತಿದ್ದರು. ಅವರ ಬೆರಳು ತಣ್ಣಗಿರುತ್ತಿತ್ತು. ನಾನು ಏನೂ ಗೊತ್ತಾಗದವಳಂತೆ ಸುದ್ದಿ ಹೇಳುತ್ತ ನಡೆಯುತ್ತಿದ್ದೆ. ಅವರಿಗೆ ಧೈರ್ಯ ಕೊಡುತ್ತಿರುವವಳು ನಾನು ಎಂಬ ಹೆಮ್ಮೆ ನನಗೆ ಚೆನ್ನಾಗಿಯೇ ಇತ್ತು.

ಹದಿನೈದು ದಿನ ಕಳೆದಿರಬೇಕು. ಕೆರೆಯಿಂದ ಬಂದು ನಮ್ಮ ಅಡ್ಡರಸ್ತೆಗೆ ತಿರುಗುವಾಗ ಬೈಕೊಂದು ಪಕ್ಕದಲ್ಲಿ ನಿಂತಿತು. ಸವಾರ ಹೆಲ್ಮೆಟ್ ತೆಗೆಯದೆಯೇ, “ಆಂಟಿ, ನನ್ನ ಫೋನ್ ಆಫ್ ಆಗಿದೆ. ನಿಮ್ಮದರಲ್ಲಿ ಸ್ವಲ್ಪ ಮ್ಯಾಪ್...” ಎಂದ. ಅವನ ಮಾತು ಮುಗಿಯಲಿಲ್ಲ. ನನ್ನ ಪಕ್ಕದಲ್ಲಿ ಹಾರ್ನ್ ಕೂಗತೊಡಗಿತು, ನಿಲ್ಲಲೇ ಇಲ್ಲ. ನನ್ನ ಕಾಲು ನೆಲಕ್ಕೆ ಅಂಟಿತ್ತು. ಅವರು ನಾಲ್ಕು ಹೆಜ್ಜೆ ಹಿಂದೆ ಸರಿದು, ಒತ್ತುತ್ತಲೇ ಬೈಕಿನ ನಂಬರನ್ನು ಗಟ್ಟಿಯಾಗಿ ಓದುತ್ತಿದ್ದರು.

ಎಲ್ಲರಿಗಿಂತ ಮೊದಲು ಓಡಿಬಂದವರು ಭಟ್ಟರು. ಅವರ ಹಿಂದೆ ಇಡೀ ಬೀದಿ. ಅರ್ಧ ಜನರ ಕೈಯಲ್ಲಿ ಪಾತ್ರೆ ಇತ್ತು. ಒಪ್ಪಂದ ಮರೆತು, “ಇಷ್ಟು ಬೇಗ ಮೀನು ಬಂತಾ?” ಎಂದು ಕೇಳುತ್ತಲೇ ಬಂದಿದ್ದರು. ಯಾಕೆ ಬಂದರೇನು, ಬಂದರಲ್ಲ! ನಡುವೆ ಸಿಕ್ಕಿದ ಮನುಷ್ಯ ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡ. ಹೊಸ ಪಂಚೆ, ಜರಿಯ ಶಲ್ಯ, ಬೈಕಿನ ಮುಂದೆ ಬಣ್ಣದ ಕಾಗದ ಸುತ್ತಿದ ಗೋಡೆ ಗಡಿಯಾರ. ಪಂಪ್‌ವೆಲ್ ಕಡೆಯಿಂದ ಗೆಳೆಯನ ಗೃಹಪ್ರವೇಶಕ್ಕೆ ಹೊರಟವನು, ಮುಹೂರ್ತ ತಪ್ಪುತ್ತದೆಂಬ ಗಾಬರಿಯಲ್ಲಿದ್ದ. ಕರೆಯೋಲೆ ತೋರಿಸಿದ. ಎಲ್ಲರೂ ಅದನ್ನು ಓದಿದರು. ಆಮೇಲೆ ನಮ್ಮವರಿಗೆ ತಮ್ಮ ಹಳೆಯ ಕ್ರಮ ನೆನಪಾಗಿ, ದಾರಿ ಹೇಳಲು ಹತ್ತು ಕೈಗಳು ಐದು ದಿಕ್ಕಿಗೆ ಚಾಚಿದವು. ಭಟ್ಟರ ಮನೆಯಿಂದ ಅವನಿಗೆ ಕಾಫಿಯೂ ಬಂತು. “ಹೆದರಿಸಿಬಿಟ್ಟೆ, ಬೇಜಾರು ಮಾಡ್ಬೇಡಿ ಮಗ” ಎಂದರು ನನ್ನ ಗೆಳತಿ. “ಇಲ್ಲ ಆಂಟಿ, ನೀವು ಮಾಡಿದ್ದೇ ಸರಿ” ಎಂದು ಅವನು ನಗುತ್ತಲೇ ಹೊರಟ.

ಮರುದಿನ ನನಗೆ ಆತಂಕ. ತಪ್ಪು ಮನುಷ್ಯನಿಗೆ ಹಾರ್ನ್ ಹೊಡೆದ ನಾಚಿಕೆಯಲ್ಲಿ ಅವರು ಮತ್ತೆ ಒಳಗೆ ಕೂತರೆ? ನನ್ನ ಇಷ್ಟು ದಿನದ ಶ್ರಮ ನೀರುಪಾಲು. ಎಂದಿನ ಹೊತ್ತಿಗೆ ಹೋಗಿ ಅವರ ಗೇಟು ಬಡಿದೆ. ಗಂಡ ಪೇಪರು ಹಿಡಿದುಕೊಂಡು ಹೊರಗೆ ಬಂದರು.

“ಅವಳು ಆಗಲೇ ಹೋಗಿ ಆಯ್ತಲ್ಲ ಟೀಚರ್. ಟೀಚರ್ ಇವತ್ತು ಸ್ವಲ್ಪ ನಿದ್ದೆ ಮಾಡ್ಲಿ ಅಂದ್ಳು.”

ಮೊದಲು ಸಿಟ್ಟು ಬಂತು. ಹಿಂದೆಯೇ ಕಣ್ಣು ತುಂಬಿತು. ಅವರ ಗಂಡ ಪೇಪರಿನೊಳಗೆ ಮುಖ ಮರೆಸಿ ಒಳಗೆ ಹೋದರು. ಆಮೇಲೆ ತಿಳಿಯಿತು, ನಾನು ಗೇಟಿನ ಸರಳು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದೇನೆ. ತಿರುವಿನಾಚೆ ಒಂದು ಬೈಕು ಹೋದದ್ದಷ್ಟೇ, ಎದೆ ಡವಡವ ಹೊಡೆದುಕೊಂಡಿತು. ಅವರ ಫೋನು ಹೋದ ದಿನದಿಂದ ನಾನು ಒಂದು ಸಲವೂ ಕೆರೆಯ ದಾರಿಗೆ ಅವರಿಲ್ಲದೆ ಕಾಲಿಟ್ಟಿರಲಿಲ್ಲ. ಲೆಕ್ಕದ ಟೀಚರಿಗೆ ಈ ಲೆಕ್ಕ ಅಷ್ಟು ದಿನ ಕಂಡಿರಲಿಲ್ಲ.

ಸರಳು ಬಿಟ್ಟು ನಡೆದೆ. ಕೆರೆಯ ದಂಡೆ ತಲುಪುವಾಗ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಅವರು ಎರಡನೆಯ ಸುತ್ತಿನಲ್ಲಿದ್ದರು. ನನ್ನನ್ನು ಕಂಡು ನಿಂತರು, ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು, ಮುಖ ಅರಳಿತು.

“ಅಂತೂ ಒಬ್ಬರೇ ಬಂದ್ರಲ್ಲ ಟೀಚರೇ!” ಎಂದರು.