ಏರಿಯ ಮೇಲಿನ ಹುತ್ತ

ಹಸಿ ಮಣ್ಣಿಗೆ ಹಾಲು ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತಿರಬಹುದು; ಅರ್ಧ ಕೊಟ್ಟಿಗೆಯದು, ಅರ್ಧ ಮಳೆಯದು. ಈ ಬೆಳಿಗ್ಗೆ ನಾಗರಪಂಚಮಿಯ ಪೂಜೆಗೆಂದು ಬನಶಂಕರಿಯ ನಮ್ಮ ಬೀದಿಯ ನಾಗರಕಲ್ಲುಗಳ ಮುಂದೆ ಕ್ಯೂನಲ್ಲಿ ನಿಂತಿದ್ದಾಗ ಆ ವಾಸನೆ ಬಂತು. ಕಣ್ಣಿಗೆ ಕಟ್ಟಿದ್ದು ಮಾತ್ರ ತಲಘಟ್ಟಪುರದಾಚೆಯ ನಮ್ಮ ತೋಟದ ಮನೆ, ಅದರ ನೆತ್ತಿಯ ಮೇಲಿದ್ದ ಮಣ್ಣಿನ ಕಟ್ಟೆ. ತೊಂಬತ್ತರ ದಶಕದ ಮಾತು. ಸರ್ಕಾರದ ಕೆರೆಯಲ್ಲ ಅದು, ನಮ್ಮದೇ. ತಾತನ ಅಜ್ಜ ಹಳ್ಳಕ್ಕೆ ಅಡ್ಡವಾಗಿ ಮಣ್ಣು ಹಾಕಿಸಿ, ಎತ್ತುಗಳಿಂದ ತುಳಿಸಿ ಕಟ್ಟಿಸಿದ್ದು. ಏರಿಯ ಒಂದು ಕಡೆ ನೀರು, ಇನ್ನೊಂದು ಕಡೆ ಬುಡದಲ್ಲೇ ನಮ್ಮ ಹೆಂಚಿನ ಮನೆ. ಒಡೆದರೆ ಮೊದಲು ಕೊಚ್ಚಿಹೋಗುವವರು ನಾವೇ.

ಅದಕ್ಕೇ ಇರಬೇಕು, ತಾತ ಯಾವುದನ್ನೂ ನಂಬುತ್ತಿರಲಿಲ್ಲ. ಏಡಿ ಕಂಡರೆ ಅನುಮಾನ, ಇಲಿಯ ಬಿಲ ಕಂಡರೆ ಅನುಮಾನ. ಏರಿಯ ಮೇಲೊಂದು ಬೇವಿನ ಸಸಿ ತಲೆ ಎತ್ತಿದರೂ ಬೇರು ಎಲ್ಲಿಗೆ ಹೋಗಿದೆಯೋ ಎಂದು ಕಿತ್ತೆಸೆಯುತ್ತಿದ್ದರು. ಬುಡದಲ್ಲಿ ಸದಾ ಜಿನುಗುತ್ತಿದ್ದ ನೀರನ್ನು ಬೆಳಿಗ್ಗೆ ಗಾಜಿನ ಲೋಟದಲ್ಲಿ ಹಿಡಿದು, ಬಿಸಿಲಿಗೆ ಎತ್ತಿ ನೋಡಿದ ಮೇಲೇ ಅವರ ಕಾಫಿ. "ತಿಳಿಯಾಗಿದ್ರೆ ಏರಿ ಬೆವರ್ತಿದೆ ಅಷ್ಟೆ. ಬಣ್ಣ ತಿರುಗ್ತೋ, ಒಳಗೊಳಗೇ ಕರಗ್ತಿದೆ ಅಂತ ತಿಳ್ಕೋ ಪುಟ್ಟಿ," ಎನ್ನುತ್ತಿದ್ದರು. ಅವರ ಆಟ ನಡೆಯದಿದ್ದದ್ದು ಒಂದೇ ಕಡೆ, ಏರಿಯ ಮೇಲೆ ಬೆಳೆದಿದ್ದ ಹುತ್ತದ ಹತ್ತಿರ. ಅಜ್ಜಿ ಪ್ರತಿ ಪಂಚಮಿಗೂ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಅದರ ಬಾಯಿಗೆ ಹಾಲಿನ ತನಿ ಎರೆಯುತ್ತಿದ್ದರು.

"ಹಾವನ್ನ ಬೇಕಾದ್ರೆ ನಂಬ್ತೀನಿ ಕಣೇ, ಹುತ್ತಾನ ನಂಬಲ್ಲ. ಅಗೆದು ಜೇಡಿಮಣ್ಣು ತುಂಬಿಸ್ಬಿಡೋಣ," ಎಂದು ತಾತ.

"ಮಕ್ಕಳು ಮರಿ ಇರೋ ಮನೆ. ನಾಗಪ್ಪನ್ನ ಕೆಣಕ್ಬೇಡಿ," ಎಂದು ಅಜ್ಜಿ. ಇಬ್ಬರಿಗೂ ಭಯವಿದ್ದದ್ದು ನಮ್ಮ ಬಗ್ಗೆಯೇ.

ಕಟ್ಟೆ ತುಂಬಿ ನಿಂತಿದ್ದ ಒಂದು ಶ್ರಾವಣದಲ್ಲಿ, ನನ್ನ ಜ್ವರ ಇಳಿದದ್ದಕ್ಕೆ ಹರಕೆಯೆಂದು ಅಜ್ಜಿ ಲೋಟದ ಬದಲು ಬಿಂದಿಗೆ ತುಂಬ ಹಾಲು ಎರೆದರು. ಮಂಗಳಾರತಿ, ಪ್ರಸಾದ ಎಲ್ಲ ಮುಗಿಸಿ ಕೆಳಗಿಳಿದು ಬಂದಾಗ ಬುಡದ ಜಿನುಗು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ಹಾಲು ಬಂದ ದಾರಿಯಲ್ಲಿ ನೀರೂ ಬರುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಾತ ಲೋಟ ಹಿಡಿದು ನಿಂತರೇ ಹೊರತು, "ನಾನು ಹೇಳ್ಲಿಲ್ವಾ" ಎನ್ನಲಿಲ್ಲ. ಅಜ್ಜಿ ಬೆರಳು ಅದ್ದಿ ಮೂಸಿ ನೋಡಿದರು. ಆಮೇಲೆ ಖಾಲಿ ಬಿಂದಿಗೆಯನ್ನು ನೆಲಕ್ಕಿಟ್ಟು, "ನಾಗಪ್ಪನೇ ತೋರಿಸ್ಬಿಟ್ಟ. ತೂಬು ಎತ್ತಿಸಿ, ನೀರು ಹೋಗ್ಲಿ," ಎಂದರು.

ನೀರು ಹೋಯಿತು. ಹುತ್ತ ಅಗೆದಾಗ ಒಳಗಿದ್ದ ಪೊಳ್ಳಿನಲ್ಲಿ ನನ್ನ ತೋಳು ಭುಜದವರೆಗೆ ಇಳಿಯಿತು. ಮನೆ ಉಳಿಯಿತು ಎಂದುಕೊಂಡೆವು. ಆದರೆ ಒಣಗಿದ ಏರಿ ಬಿರುಕುಬಿಟ್ಟು ಮತ್ತೆ ನೀರು ಹಿಡಿಯಲಿಲ್ಲ, ಬಾವಿ ಬತ್ತಿತು, ತೋಟ ಹೋಗಿ ಲೇಔಟ್ ಆಯಿತು. ಬನಶಂಕರಿಯ ಬಾಡಿಗೆ ಮನೆಯಲ್ಲೂ ತಾತ ನಲ್ಲಿ ನೀರನ್ನು ಲೋಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತುತ್ತಿದ್ದರು. "ತೀರಾ ತಿಳಿಯಾಗಿದೆ, ಅದೇ ಅನುಮಾನ," ಎಂದು ಕುಡಿಯದೆ ಇಟ್ಟುಬಿಡುತ್ತಿದ್ದರು. ಅಜ್ಜಿಯೋ, ಈ ನಾಗರಕಲ್ಲಿಗೆ ಹಾಲೆರೆದು, ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಕಲ್ಲಿನ ಹಿಂದಕ್ಕೆ ಹೋಗಿ ನೆಲ ನೋಡಿ ಬರುತ್ತಿದ್ದರು. ನಾವು ನಗುತ್ತಿದ್ದೆವು.

ಈಗ ಇಬ್ಬರೂ ಇಲ್ಲ. ಈ ಬೆಳಿಗ್ಗೆ ಹಾಲೆರೆದು ನಾನೂ ಹಿಂದಕ್ಕೆ ಹೋಗಿ ನೋಡಿದೆ. ನೆಲ ಒಣಗಿತ್ತು. ಸಮಾಧಾನ ಆಗಬೇಕಿತ್ತು, ಅಳು ಬಂತು.