ಬೆಳ್ಳಮ್ಮ ಕೂರಿಸಿದ ಮೂಳೆಗಳು

ಸುಳ್ಳು ಹೇಳುವವರ ಮೂಳೆಯನ್ನು ಬೆಳ್ಳಮ್ಮ ಮುಟ್ಟುತ್ತಿರಲಿಲ್ಲ. ಕೈಯನ್ನೋ ಕಾಲನ್ನೋ ಮುರಿದುಕೊಂಡು ಬೊಬ್ಬೆ ಹೊಡೆಯುತ್ತ ಬಂದವರನ್ನು ಜಗುಲಿಯ ಮೇಲೆ ಕೂರಿಸಿ, ಜೊತೆಗೆ ಬಂದವರನ್ನೆಲ್ಲ ಬೇಲಿಯಾಚೆ ಓಡಿಸಿ, ಎದುರಿಗೆ ಕುಕ್ಕರುಗಾಲಲ್ಲಿ ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಹ್ಞಾಂ, ಹೇಳು. ಇದು ಆದದ್ದು ಹೆಂಗೆ?" ಹೇಳಿದ್ದು ಸರಿ ಕಾಣದಿದ್ದರೆ ಎದ್ದು ಒಳಗೆ ಹೋಗಿ ಎಳೆಬಿದಿರಿನ ಕಳಲೆ ಹೆಚ್ಚುತ್ತ ಕೂತುಬಿಡುವಳು. ಹೊರಗೆ ಮುರಿದ ಕಾಲಿನವನು ಪ್ರಾಣ ಹೋಗುವಂತೆ ಕೂಗಲಿ, ಅವಳು ಮಾತ್ರ ಅಲ್ಲಾಡುತ್ತಿರಲಿಲ್ಲ. "ಸುಳ್ಳು ಒಳಗಿಟ್ಕೊಂಡು ಕಟ್ಟು ಕಟ್ಟಿದ್ರೆ ಮೂಳೆ ಸೊಟ್ಟ ಕೂರ್ತದೆ. ಆಮೇಲೆ ಊರವರೆಲ್ಲ ನನ್ನ ಕೈಗುಣ ಸರಿ ಇಲ್ಲ ಅಂತಾರೆ," ಎನ್ನುವುದು ಅವಳ ವಾದ.

ಏಕವಚನದಲ್ಲಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವಳು, ನಾನು ದೊಡ್ಡಮ್ಮ ಎಂದೇ ಕರೆಯುತ್ತಿದ್ದೆ. ಆದರೆ ಬಹುವಚನ ಹಾಕಿದರೆ ಅವಳು ಯಾರೋ ತಾಲ್ಲೂಕು ಆಫೀಸಿನವರ ಹಾಗೆ ಕಾಣುತ್ತಾಳೆ. ಗಿಡ್ಡ ಆಳು, ಎಲೆಯಡಿಕೆಯಿಂದ ಕೆಂಪಾದ ಬಾಯಿ, ಗಂಡಸರ ಹೆಬ್ಬೆರಳಿಗಿಂತ ದಪ್ಪಗಿನ ಎರಡು ಹೆಬ್ಬೆರಳು. ಆ ಹೆಬ್ಬೆರಳಿಂದ ಒತ್ತಿ ನೋಡಿದರೆ ಸಾಕು, ಮರದಿಂದ ಬಿದ್ದ ಕೈ ಯಾವುದು, ಎತ್ತು ಹಾಯ್ದ ಕೈ ಯಾವುದು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾದರೂ ತಾನು ಹೇಳುತ್ತಿರಲಿಲ್ಲ, ಬಂದವರ ಬಾಯಿಂದಲೇ ಬರಬೇಕು. ಹಾಗೆ ಬಂದದ್ದನ್ನು ಮಾತ್ರ ಇನ್ನೊಬ್ಬರ ಕಿವಿಗೆ ಹಾಕಿದವಳಲ್ಲ. ಬೆಳ್ಳಮ್ಮನ ಬಾಯಿಂದ ಗುಟ್ಟು ತೆಗೆಯುತ್ತೇನೆಂದು ಹೋಗಿ ನಮ್ಮೂರಿನ ಎಷ್ಟೋ ಹೆಂಗಸರು ಸೋತು ಬಂದಿದ್ದರು. ನಾನೂ ಒಬ್ಬಳು.

ಒಮ್ಮೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದೆ ಎನ್ನುತ್ತ ನಮ್ಮ ಮೇಲಿನಕೇರಿಯ ಯಜಮಾನರೊಬ್ಬರು ಬಂದರು. ಬೆಳ್ಳಮ್ಮ ಎದ್ದು ಒಳಗೆ ಹೋದಳು. ಯಜಮಾನರು ಕಾಲು ಗಂಟೆ ಮೀಸೆ ತಿರುವಿಕೊಂಡು ತಡೆದರು. ಆಮೇಲೆ ನೋವು ತಾಳಲಾರದೆ, ಬೇಲಿಯಾಚೆ ನಾವೆಲ್ಲ ಇದ್ದೇವೆ ಎನ್ನುವುದನ್ನೂ ಮರೆತು, "ಹೆಂಡ್ತಿ ಒನಕೆ ಹಿಡ್ಕೊಂಡು ಅಟ್ಟಿಸಿಕೊಂಡು ಬಂದ್ಲು ಮಾರಾಯ್ತಿ! ಪಾಗಾರ ಹಾರಿದೆ! ಈಗಾದ್ರೂ ಬಾ!" ಎಂದು ಕಿರುಚಿದರು. ಬೆಳ್ಳಮ್ಮ ಬಂದು ಕಟಕ್ಕೆಂದು ಕೂರಿಸಿದಳು. ಆ ಮೂಳೆ ಎಷ್ಟು ಚೆನ್ನಾಗಿ ಕೂತಿತೆಂದರೆ ಮುಂದೆಯೂ ಎರಡು ಸಲ ಅವರು ಅದೇ ಪಾಗಾರದ ಗೋಡೆ ಹಾರಿದರು.

ಅವಳ ಕಟ್ಟಿಗೆ ಬೇಕಾಗುತ್ತಿದ್ದದ್ದು ಬಿದಿರ ಸೀಳು, ಉದ್ದಿನ ಹಿಟ್ಟು, ಹಳೆ ಸೀರೆಯ ಚೂರು, ಒಂದೋ ಎರಡೋ ಕೋಳಿಮೊಟ್ಟೆ. ಹಿಟ್ಟಿಗೆ ಮೊಟ್ಟೆಯ ಬಿಳಿ ಕಲಸಿ ಮೆತ್ತಿದರೆ ಒಣಗಿ ಕಲ್ಲಿನ ಹಾಗಾಗುತ್ತಿತ್ತು. ಮೊಟ್ಟೆಯನ್ನು ಮೂಳೆ ಮುರಿದುಕೊಂಡವರೇ ತರಬೇಕು. ಈ ಮೊಟ್ಟೆಯ ಮಾತು ನೆನಪಿರಲಿ, ಮುಂದೆ ಬರುತ್ತದೆ.

ನಮ್ಮೂರು ಕೋಣಂದೂರಿನಿಂದ ನಾಲ್ಕು ಮೈಲಿ. ನಾನು ಮದುವೆಯಾಗಿ ಬಂದದ್ದು ಅರವತ್ತರ ದಶಕದಲ್ಲಿ. ಆಗ ನಾವೆಲ್ಲ ಗೇಣಿ ಒಕ್ಕಲು. ಗದ್ದೆ ಒಡೆಯರದ್ದು, ಬೆವರು ನಮ್ಮದು. ಗೇಣಿಯ ಭತ್ತ ಅಳೆಯುವ ಕೊಳಗವೂ ಒಡೆಯರದ್ದೇ, ಸರ್ಕಾರಿ ಅಳತೆಗಿಂತ ದೊಡ್ಡದು. ನಾನು ಬಂದ ಮರುವರ್ಷ ಊರ ಗಂಡಸರೆಲ್ಲ ಸೇರಿ, ಸರ್ಕಾರಿ ಮುದ್ರೆಯ ಕೊಳಗ ತನ್ನಿ, ಇಲ್ಲದಿದ್ದರೆ ಅಳೆಯುವುದಿಲ್ಲ ಎಂದು ಕೂತರು. ಒಡೆಯರು ಎಲ್ಲಿಗೋ ಹೋಗಿ ಬಂದರು. ಎಂಟು ದಿನದೊಳಗೆ ಹೊರಗಿನಿಂದ ಪೊಲೀಸಿನವರ ಒಂದು ತುಕಡಿ ಬಂದು ಶಾಲೆಯಲ್ಲಿ ಬೀಡುಬಿಟ್ಟಿತು.

ಅವರು ಊರಿನಲ್ಲಿ ಇದ್ದದ್ದು ಹದಿನೇಳು ದಿನ. ಮೊದಲು ನಮ್ಮ ಕೋಳಿಗಳು ಹೋದವು. ಆಮೇಲೆ ಗಂಡಸರು. ಗದ್ದೆಯಿಂದ, ಅಂಗಳದಿಂದ, ಒಬ್ಬನನ್ನಂತೂ ಉಣ್ಣುವ ಎಲೆಯ ಮುಂದಿನಿಂದ ಎಳೆದುಕೊಂಡು ಹೋದರು. ಮಕ್ಕಳು ಮಗ್ಗಿ ಹೇಳುತ್ತಿದ್ದ ಕೋಣೆಯಲ್ಲಿ ಅವರನ್ನು ಹೊಡೆಯುತ್ತಿದ್ದರು. ಬಾವಿಗೆ ಹೋದರೆ ನಮಗೆ ಆ ಸದ್ದು ಕೇಳಿಸುತ್ತಿತ್ತು. ಕೊಳಗದ ಮಾತು ಎತ್ತಿದವರು ಯಾರು ಯಾರು, ಹೆಸರು ಹೇಳಿ ಎನ್ನುವುದು ಅವರ ಪ್ರಶ್ನೆ. ನಮ್ಮವರನ್ನು, ಎಂದರೆ ನನ್ನ ಗಂಡನನ್ನು, ಉಳುತ್ತಿದ್ದಲ್ಲಿಂದಲೇ ಹಿಡಿದರು. ನೊಗದಲ್ಲಿದ್ದ ಎತ್ತುಗಳು ತಾವೇ ಮನೆಗೆ ಬಂದವು. ನಾನು ಮೂರು ದಿನ ಶಾಲೆಯ ಮುಂದಿನ ಮಾವಿನ ಮರದ ಕೆಳಗೆ ಕೂತಿದ್ದೆ. ಒಳಗೆ ಬಿಡಲಿಲ್ಲ.

ಮೂರನೇ ದಿನ ಹೊರಗೆ ಬಿಟ್ಟಾಗ ಅವರ ಬಲಗೈ ಮಣಿಕಟ್ಟಿನಿಂದ ಜೋತಾಡುತ್ತಿತ್ತು. ಬದುವಿನ ಮೇಲೆ ಜಾರಿ ಬಿದ್ದೆ ಅನ್ನಬೇಕು, ಬೇರೆ ಹೇಳಿದರೆ ಇನ್ನೊಂದು ಕೈಯನ್ನೂ ನೋಡಿಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದ್ದರು. ನಾನು ನೇರವಾಗಿ ಬೆಳ್ಳಮ್ಮನಲ್ಲಿಗೆ ಕರೆದುಕೊಂಡು ಹೋದೆ.

"ಬದುವಿನ ಮೇಲೆ ಜಾರಿದೆ ದೊಡ್ಡಮ್ಮ," ಎಂದರು ಇವರು.

ಬೆಳ್ಳಮ್ಮ ಎದ್ದು ಒಳಗೆ ಹೋದಳು. ನನಗೆ ಸಿಟ್ಟು ನೆತ್ತಿಗೇರಿತು. "ನಿಂಗೆ ಗೊತ್ತಿಲ್ವಾ ದೊಡ್ಡಮ್ಮ? ಊರಿಗೇ ಗೊತ್ತು! ಹೆದರ್ಕೊಂಡಿದ್ದಾರೆ, ಕಟ್ಟು ಹಾಕು!" ಎಂದು ಕೂಗಿದೆ.

"ನೀನು ಬೇಲಿ ಆಚೆ ಹೋಗು," ಎಂದಳು ಒಳಗಿನಿಂದ. "ಕೈ ನಿಂದಲ್ಲ."

ಹೋದೆ. ಕುತ್ತಿಗೆ ಉದ್ದ ಮಾಡಿ ನೋಡಿದೆ. ತುಂಬ ಹೊತ್ತಿನ ಮೇಲೆ ಇವರು ಏನೋ ಹೇಳಿದರು. ಅವಳು ಬಂದು ಪಕ್ಕದಲ್ಲಿ ಕೂತಳು. ಇವರು ಹೇಳುತ್ತಲೇ ಹೋದರು. ಹೊಡೆದರು ಎನ್ನಲು ಅಷ್ಟು ಮಾತು ಬೇಕಾಗಿರಲಿಲ್ಲ. ಕೊನೆಗೆ ಇವರು ಚಿಕ್ಕ ಮಗುವಿನ ಹಾಗೆ ಅಳತೊಡಗಿದರು. ಬೆಳ್ಳಮ್ಮ ಒಂದು ಕೈಯನ್ನು ಅವರ ತಲೆಯ ಮೇಲಿಟ್ಟಳು, ಆಮೇಲೆ ಎರಡೂ ಹೆಬ್ಬೆರಳು ಮಣಿಕಟ್ಟಿನ ಮೇಲೆ ಬಂದವು. ಏನು ಹೇಳಿದಿರಿ ಎಂದು ದಾರಿಯಲ್ಲಿ ಕೇಳಿದೆ. "ಎಂತ ಇಲ್ಲ," ಎಂದರು. ಅದೇ ಉತ್ತರವನ್ನು ಮುಂದೆ ಇಪ್ಪತ್ತೈದು ವರ್ಷ ಕೊಟ್ಟರು.

ಇದಕ್ಕೆ ಒಂದು ದಿನ ಮೊದಲು ಆ ಜಗುಲಿಗೆ ಇನ್ನೊಬ್ಬ ಗಿರಾಕಿ ಬಂದಿದ್ದ. ಕೆಳಗಿನಕೇರಿಯ ಹಾಲಪ್ಪಣ್ಣನನ್ನು ಹಿಡಿಯಲು ಹೋದ ತುಕಡಿಯ ದಫೇದಾರ ನಂಜಪ್ಪ, ಬಯಲುಸೀಮೆಯ ಭಾರಿ ಆಳು, ಬಲತೋಳು ಕಳಚಿಕೊಂಡು ಬಂದ. ಬೇಲಿಯಾಚೆ ಊರಿಗೆ ಊರೇ ನಿಂತಿತ್ತು, ಪೊಲೀಸಿನವರೂ ನಿಂತಿದ್ದರು. ಅವನೂ ಮೊದಲು ಏನೋ ಹೇಳಿದನಂತೆ, ಬೆಳ್ಳಮ್ಮ ಒಳಗೆ ಹೋದಳು. ದಫೇದಾರ ಗದರಿದ, ಬೈದ, ಕೊನೆಗೆ "ಬಾರವ್ವೋ, ನಿನ್ ದಮ್ಮಯ್ಯ!" ಎಂದ. ಅವಳು ಬಂದು ಕೂತಳು. ಅವನು ಸುತ್ತ ನೋಡಿ ಅವಳ ಕಿವಿಯಲ್ಲಿ ಪಿಸುಗುಟ್ಟಿದ. ಬೆಳ್ಳಮ್ಮನ ಬೆನ್ನು ಕುಲುಕಿದ್ದು ನಮಗೆ ಕಂಡಿತು. ನಗುತ್ತಿದ್ದಳು.

"ಆಯ್ತು, ಮೊಟ್ಟೆ ತರ್ಸು," ಎಂದಳು.

ಪೊಲೀಸಿನವರು ಮನೆಮನೆ ಹೊಕ್ಕರು. ಮೊಟ್ಟೆ ಎಲ್ಲಿಂದ ಬರಬೇಕು?

"ಕೋಳಿ ಎಲ್ಲ ನಿಮ್ಮ ಹೊಟ್ಟೇಲಿ ಕೂತಾವಲ್ಲಪ್ಪ," ಎಂದು ಬೆಳ್ಳಮ್ಮ ದಫೇದಾರನ ಕೆನ್ನೆ ತಟ್ಟಿದಳು. "ಮೊಟ್ಟೆ ಇಡ್ತಾವಾ ನೋಡು."

ಎರಡು ಮೊಟ್ಟೆಗಾಗಿ ಸರ್ಕಾರದ ಜೀಪು ಕೋಣಂದೂರಿನವರೆಗೆ ಹೋಗಿ ಬಂತು. ಗಂಡನನ್ನು ಒಳಗೆ ಕೂಡಿಹಾಕಿದ್ದಾರೆ, ನಾನು ಮರದ ಕೆಳಗಿನಿಂದ ಎದ್ದು ಬಂದು ಬೇಲಿ ಹಿಡಿದು ನಿಂತಿದ್ದೇನೆ, ಆದರೂ ನನಗೆ ನಗು ತಡೆಯಲಾಗಲಿಲ್ಲ. ಆ ನಗುವಿನಿಂದಲೇ ಆ ದಿನ ಕಳೆದೆ.

ಅವನ ತೋಳು ಕೊಳೆಯಲಿ ಎಂದು ಬಿಡಬೇಕಿತ್ತು ಎಂದು ಆಮೇಲೆ ಕೆಲವರು ಜಗಳಕ್ಕೆ ಹೋದರು. "ತೋಳು ಎಂತ ಮಾಡಿತ್ತು? ಕೆಟ್ಟದ್ದು ತಲೆ. ತಲೆಗೆ ಕಟ್ಟು ಹಾಕೂಕೆ ನಂಗೆ ಬರೂದಿಲ್ಲ," ಎಂದಳು.

ತುಕಡಿ ಹೋಯಿತು. ಹೋಗುವಾಗ ನಮ್ಮವರ ಮೇಲೆ ಒಂದು ಕೇಸು ಬಿಟ್ಟು ಹೋಯಿತು. ಹಿಡಿಯಲು ಬಂದಾಗ ದಫೇದಾರನನ್ನು ಕೆಡವಿ ತೋಳು ಮುರಿದ ಅಂತ. ಅವನ ತೋಳು ಹೋದಾಗ ಇವರು ಶಾಲೆಯೊಳಗೇ ಇದ್ದದ್ದು ಊರಿಗೆಲ್ಲ ಗೊತ್ತಿತ್ತು, ಪೊಲೀಸಿನವರಿಗೆ ಎದುರಾಗಿ ಸಾಕ್ಷಿ ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ರುಜುವಾತಾದರೆ ವರ್ಷಗಟ್ಟಲೆ ಜೈಲು. ಗೇಣಿ ಗದ್ದೆಯಲ್ಲಿ ಒಂದು ಬೆಳೆ ತಪ್ಪಿದರೆ ಒಡೆಯರು ಬೇರೆಯವರಿಗೆ ಕೊಡುತ್ತಾರೆ. ನಾನು ಬಸುರಿ. ಊಟ ಸೇರದು. ಬೆಳ್ಳಮ್ಮನ ಕಾಲು ಹಿಡಿದೆ: "ಅವ ನಿನ್ನ ಹತ್ರ ಹೇಳಿದ್ದನ್ನ ಕೋರ್ಟಲ್ಲಿ ಹೇಳು ದೊಡ್ಡಮ್ಮ."

"ಇಲ್ಲಿ ಹೇಳಿದ್ದು ಇಲ್ಲೇ," ಎಂದಳು. "ಅವಂದು ಹೇಳಿದ್ರೆ ನಾಳೆ ನಿನ್ನ ಗಂಡಂದೂ ಹೇಳ್ಬೇಕಾಗ್ತದೆ. ಆದ್ರೆ ಬರ್ತೀನಿ, ಅಳಬೇಡ."

ತೀರ್ಥಹಳ್ಳಿ ಕೋರ್ಟಿಗೆ ಅವಳು ಬಂದದ್ದು ಮದುವೆಗೆ ಹೋಗುವ ಸೀರೆ ಉಟ್ಟು. ಕೋರ್ಟಿನವನು "ತಿಮ್ಮಪ್ಪ" ಎಂದು ಮೂರು ಸಲ ಕೂಗಿದ. (ಗಂಡನ ಹೆಸರು, ಬರೆಯುವಾಗ ಈಗಲೂ ಕೈ ನಾಚುತ್ತದೆ.) ದಫೇದಾರ ಗಿಣಿಪಾಠ ಒಪ್ಪಿಸಿದ: ಆರೋಪಿ ಕೆಡವಿದ, ತೋಳು ಕಳಚಿತು. ಆಮೇಲೆ ನಮ್ಮ ವಕೀಲರು ಬೆಳ್ಳಮ್ಮನನ್ನು ಕರೆಸಿದರು.

"ಇಬ್ಬರ ಮೂಳೇನೂ ಕೂರಿಸಿದ್ದು ನಾನೇ. ಅವರು ನಂಗೆ ಹೇಳಿದ್ದು ಮಾತ್ರ ಹೇಳೂದಿಲ್ಲ."

ಜಡ್ಜಿ ಕನ್ನಡಕ ತೆಗೆದರು. "ಹೇಳದಿದ್ದರೆ ನಿಮಗೇ ಶಿಕ್ಷೆಯಾಗಬಹುದು, ಗೊತ್ತೇನಮ್ಮ?"

"ಆಗ್ಲಿ ಸ್ವಾಮಿ. ಜೈಲಲ್ಲೂ ಕೈಕಾಲು ಮುರ್ಕೊಂಡವರು ಇರ್ತಾರಲ್ಲ," ಎಂದು ಬೆಳ್ಳಮ್ಮ ದಫೇದಾರನ ಕಡೆ ತಿರುಗಿದಳು. "ಏನಪ್ಪಾ, ತೋಳು ಹೆಂಗಿದೆ? ಎತ್ತಿ ತೋರ್ಸು ನೋಡುವಾ."

ಅವನು ತಬ್ಬಿಬ್ಬಾಗಿ ತೋಳೆತ್ತಿದ. ಭುಜದ ಮಟ್ಟಕ್ಕೆ ಬಂದು ನಿಂತಿತು.

"ನಿಂತಿತಲ್ದಾ? ನನ್ನ ಜಗುಲೀಲಿ ಒಂದು, ಇಲ್ಲಿ ಒಂದು ಹೇಳಿದ್ರೆ ತೋಳು ಕೀಲೊಳಗೆ ನಿಲ್ಲೂದಿಲ್ಲ ತಮಾ. ಇನ್ನೊಂದ್ಸಲ ಕಳಚಿದ್ರೆ ನನ್ನ ಹತ್ರ ಬರ್ಬೇಡ, ಮುಟ್ಟೂದಿಲ್ಲ."

ಜಡ್ಜಿ ಮೇಜು ಕುಟ್ಟಿ ಅವಳನ್ನು ಇಳಿಸಿದರು. ಆದರೆ ದಫೇದಾರನ ಹಣೆಯಲ್ಲಿ ಬೆವರು ಒಡೆದಿತ್ತು. ಎಡಗೈ ಬಲಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಇದ್ದಕ್ಕಿದ್ದಂತೆ ಕೈ ಮುಗಿದ.

"ಹುಂಜ ಸ್ವಾಮಿ," ಎಂದ.

"ಏನದು?"

"ಹಾಲಪ್ಪನ ಮನೆ ಹಿತ್ತಲಲ್ಲಿ ಒಂದು ಹುಂಜ ಇತ್ತು ಸ್ವಾಮಿ. ಅಟ್ಟಿಸ್ಕೊಂಡು ಹೋದೆ. ಪಾಚಿ ಮ್ಯಾಲೆ ಕಾಲು ಜಾರ್ತು. ಈ ತಿಮ್ಮಪ್ಪ ನನ್ನ ಮುಟ್ಟಿಲ್ಲ. ಅವನ ಕೈಯ... ನಾವೇ ಸ್ವಾಮಿ."

ಕೋರ್ಟೆಂಬ ಕೋರ್ಟೇ ಗೊಳ್ಳೆಂದಿತು. ಜಡ್ಜಿಯವರೂ ಕರ್ಚೀಫಿನಲ್ಲಿ ಮುಖ ಒರೆಸಿಕೊಂಡರು. ನಾನೊಬ್ಬಳೇ ಅತ್ತದ್ದು. ಕೇಸು ಬಿದ್ದುಹೋಯಿತು. ನಾವೇ ಎಂದು ಅವನು ಒಪ್ಪಿಕೊಂಡ ಆ ಮಾತಿಗೆ ಮಾತ್ರ ಯಾರಿಗೂ ಒಂದು ದಿನದ ಶಿಕ್ಷೆಯೂ ಆಗಲಿಲ್ಲ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಹೊರಗೆ ಬಂದಾಗ ದಫೇದಾರ ಬೆಳ್ಳಮ್ಮನ ಮುಂದೆ ತೋಳು ಚಾಚಿ ನಿಂತಿದ್ದ. ಅವಳು ಎರಡು ಸಲ ಒತ್ತಿ, "ಇನ್ನು ಹೋಗೂದಿಲ್ಲ, ಎಣ್ಣೆ ಹಚ್ಚು," ಎಂದು ಕಳಿಸಿದಳು.

ಹಾಲಪ್ಪಣ್ಣನನ್ನು ಹನ್ನೊಂದು ದಿನ ಇಟ್ಟುಕೊಂಡಿದ್ದರು. ಹೊಡೆತಕ್ಕೆ ಅವನ ಎಡಗಿವಿ ಹೋಯಿತು. "ಆ ಕಿವೀನ ಹೆಂಡ್ತಿಗೆ ಅಂತ ಇಟ್ಟಿದೀನಿ," ಎಂದು ಅವನು ನಗಿಸುತ್ತಿದ್ದ. ನಮ್ಮವರು ಮಾತ್ರ ಆ ಮಾತಿಗೆ ಒಮ್ಮೆಯೂ ನಗಲಿಲ್ಲ. ಆ ವರ್ಷದಿಂದ ನಮ್ಮ ಹಿತ್ತಲ ಚಂದ್ರಬಕ್ಕೆ ಹಲಸಿನ ಮೊದಲ ಹಣ್ಣನ್ನು ತಾವೇ ತಲೆಯ ಮೇಲೆ ಹೊತ್ತು ಹಾಲಪ್ಪಣ್ಣನ ಮನೆಗೆ ಕೊಟ್ಟು ಬರುತ್ತಿದ್ದರು. ಉಳುವವನೇ ಒಡೆಯ ಎಂಬ ಕಾನೂನು ಬಂದು, ಡಿಕ್ಲರೇಶನ್ ಕೊಟ್ಟು ಗದ್ದೆ ನಮ್ಮದಾದ ವರ್ಷವೂ, ಜ್ವರ ಬಂದ ವರ್ಷವೂ. ಮನೆಯಲ್ಲಿ ಮಕ್ಕಳು ಬಾಯಿ ಬಿಟ್ಟುಕೊಂಡಿದ್ದರೂ ಮೊದಲ ಹಣ್ಣು ಅಲ್ಲಿಗೇ. ಯಾಕೆಂದರೆ, "ಎಂತ ಇಲ್ಲ."

ನಾನೇನು ದಡ್ಡಿಯೇ? ಇವರನ್ನು ಹಿಡಿದ ಮರುದಿನ ಹಾಲಪ್ಪಣ್ಣನನ್ನು ಹಿಡಿದರು. ನಡುವೆ ಒಂದು ರಾತ್ರಿ ಇವರು ಶಾಲೆಯ ಕೋಣೆಯಲ್ಲಿದ್ದರು, ಪೊಲೀಸಿನವರು ಹೆಸರು ಕೇಳುತ್ತಿದ್ದರು. ಆ ಕೂಡಿಸುವ ಲೆಕ್ಕವನ್ನು ಸಾವಿರ ಸಲ ಮಾಡಿ ಸಾವಿರ ಸಲ ಅಳಿಸಿದ್ದೇನೆ.

ಇವರು ತೀರಿಕೊಂಡ ಮೇಲಿನ ಬೇಸಿಗೆಯಲ್ಲಿ ಬೆಳ್ಳಮ್ಮನನ್ನು ಕಾಣಲು ಹೋದೆ. ಕಣ್ಣು ಮಂಜಾಗಿ, ಆನಂದಪುರದಲ್ಲಿ ಮಗಳ ಮನೆಯಲ್ಲಿದ್ದಳು. ನನ್ನ ಕೈ ಸಿಕ್ಕಿದ್ದೇ ಮಣಿಕಟ್ಟಿನಿಂದ ಮೊಣಕೈವರೆಗೆ ಒತ್ತಿ ನೋಡಿದಳು.

"ಎಲ್ಲಿ ನೋವು?"

"ಎಲ್ಲೂ ಇಲ್ಲ ದೊಡ್ಡಮ್ಮ. ಒಂದು ಕೇಳಣಾಂತ ಬಂದೆ. ಅವತ್ತು ಇವರು ನಿನ್ನ ಹತ್ರ ಎಂತ ಹೇಳಿದ್ರು? ಈಗಾದ್ರೂ ಹೇಳು, ಅವರೇ ಇಲ್ಲ."

ಅವಳು ಬಾಯಲ್ಲಿದ್ದ ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ತಳ್ಳಿದಳು. "ಕೈ ಸರಿ ಕೂತಿತ್ತಾ ಅವಂದು?"

"ಕೂತಿತ್ತು. ಕೊನೇ ವರ್ಷದವರೆಗೂ ನೇಗಿಲು ಹಿಡಿದ್ರು."

"ಹಂಗಾದ್ರೆ ನಿಜಾನೇ ಹೇಳಿರ್ಬೇಕು. ಸಾಕಲ್ದಾ?"

ಸಾಕಾಗಲಿಲ್ಲ, ಸಿಟ್ಟು ಬಂತು. ಸತ್ತವರ ಗುಟ್ಟನ್ನೂ ಕಾಯುತ್ತಾಳಲ್ಲ ಈ ಮುದುಕಿ ಎಂದುಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಅಂಗಳ ದಾಟಿ ಬೇಲಿಯ ಹತ್ತಿರ ಬಂದಿದ್ದೆ.

"ಹೆಣ್ಣೇ," ಎಂದು ಹಿಂದಿನಿಂದ ಕರೆದಳು. "ಈ ವರ್ಷ ಹಾಲಪ್ಪನ ಮನೆಗೆ ಹಣ್ಣು ಹೋಯ್ತಾ?"

ಹಲಸಿನ ಹಣ್ಣಿನ ವಿಷಯ ನಾನು ಅವಳಿಗೆ ಯಾವತ್ತೂ ಹೇಳಿದ್ದಿಲ್ಲ.

"ಇಲ್ಲ ದೊಡ್ಡಮ್ಮ," ಎಂದೆ. "ಇನ್ನೂ ಹೋಗಿಲ್ಲ."

"ತಗೊಂಡು ಹೋಗು ಮತ್ತೆ."

ಅದೇ ಅವಳನ್ನು ಕಡೆಯ ಸಲ ನೋಡಿದ್ದು. ಆ ಮಳೆಗಾಲದಲ್ಲಿ ಹೋಗಿಬಿಟ್ಟಳು, ಮೂರು ತಾಲ್ಲೂಕಿನ ಗುಟ್ಟನ್ನೆಲ್ಲ ಹೊತ್ತುಕೊಂಡು. ನಾನು ಮಾತ್ರ ಆನಂದಪುರದಿಂದ ಬಂದ ಮರುದಿನವೇ ಮರಕ್ಕೆ ಆಳು ಹತ್ತಿಸಿ ಹಣ್ಣು ಇಳಿಸಿದ್ದೆ, ಸಿಂಬೆ ಮಾಡಿ ತಲೆಯ ಮೇಲಿಟ್ಟುಕೊಂಡು ಕೆಳಗಿನಕೇರಿಗೆ ನಡೆದಿದ್ದೆ. ಹಾಲಪ್ಪಣ್ಣ ಜಗುಲಿಯಲ್ಲಿದ್ದ. ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿ, "ಬಾ ತಂಗೀ, ಕಾಯ್ತಾ ಇದ್ದೆ," ಎಂದ.