ಹಬ್ಬವಿಲ್ಲದ ಹೋಳಿಗೆ

ಇವತ್ತು ಬರೀ ಮಂಗಳವಾರ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಬೀಗರು ಬರುವ ಸುದ್ದಿಯೂ ಇಲ್ಲ. ಆದರೂ ಅಡುಗೆಮನೆಯಿಂದ ಹೂರಣದ ವಾಸನೆ ಬರುತ್ತಿದೆ. ನನ್ನಂಥ ಹೊಟ್ಟೆಬಾಕ ಖುಷಿಯಿಂದ ಎದ್ದು ಹೋಗಬೇಕು. ನಾನೋ ಕುರ್ಚಿಯಲ್ಲೇ ಬೆವರುತ್ತ ಕೂತಿದ್ದೇನೆ. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಅರವತ್ತರ ದಶಕದ ಸಪ್ತಾಪುರಕ್ಕೆ, ನಮ್ಮ ಕಾಕಾನ ಮನೆಗೆ ಕರೆದೊಯ್ಯಬೇಕು.

ಅಲ್ಲಿದ್ದು ನಾನು ಕಾಲೇಜು ಓದುತ್ತಿದ್ದೆ. ಕಾಕಾ ಸರಕಾರಿ ಕಚೇರಿಯೊಂದರ ಟಪಾಲು ಗುಮಾಸ್ತರು. ಬಂದ ಪತ್ರವನ್ನು ಅಂದೇ ಒಡೆದು, ನಂಬರು ಹಾಕಿ, ಸಂಬಂಧಪಟ್ಟವರಿಗೆ ಮುಟ್ಟಿಸದೆ ಅವರಿಗೆ ಊಟ ಸೇರುತ್ತಿರಲಿಲ್ಲ. ಮನೆಯಲ್ಲೂ ಅದೇ ಕಾಯಿದೆ. ಗೆಳೆಯ ನನಗೆ ಬರೆದ ಕಾರ್ಡಿಗೂ ಕೆಂಪು ಪೆನ್ಸಿಲ್ಲಿನ ನಂಬರು ಬಿದ್ದದ್ದುಂಟು.

ಅವರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಆಗಿ, ಆಪರೇಷನ್ ಮುಗಿದು ವರ್ಷವಾಗಿತ್ತು. ಆಮೇಲೆ ಬೆನ್ನು ನೋಯತೊಡಗಿತು. ರೋಗ ಮರಳಿ ಎಲುಬಿಗೆ ಇಳಿದಿದೆಯೋ ಏನೋ ಎಂದು ಪರ ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಫಲಿತಾಂಶ ಅಂಚೆಯಲ್ಲಿ ಕಳಿಸುತ್ತೇವೆ ಎಂದಿದ್ದರು.

ಪತ್ರ ಬಂದಾಗ ಕಾಕಾ ಕಚೇರಿಯಲ್ಲಿದ್ದರು. ಅವರ ಹೆಂಡತಿ, ನಮ್ಮ ಕಾಕೂ, ಅದನ್ನು ತೆಗೆದುಕೊಂಡವಳೇ ಜೋಳದ ಹಿಟ್ಟಿನ ಡಬ್ಬಿಯೊಳಗೆ ತುರುಕಿದಳು.

"ಒಡದು ಓದ್ಲೇನು ಕಾಕೂ?" ಎಂದೆ.

"ಬ್ಯಾಡಪ್ಪಾ. ಓದಿದ್ರ ಖರೇ ಆಗತೈತಿ. ಅವರ ಮುಂದ ಹೇಳಬ್ಯಾಡ."

ನಿಜ ಹೇಳುತ್ತೇನೆ, ನನಗೂ ಓದುವ ಧೈರ್ಯವಿರಲಿಲ್ಲ.

ಮರುದಿನದಿಂದ ದಿನಾ ಹೋಳಿಗೆ, ಇಲ್ಲವೇ ಗೋದಿ-ಬೆಲ್ಲದ ಮಾದಲಿ. ಕಾಕಾ ಹಾಕಿದಷ್ಟು ಉಂಡರು, ನಾನು ನಾಚಿಕೆಯಿಲ್ಲದೆ ಉಂಡೆ. ಐದನೆಯ ದಿನ ಅವರು ತಟ್ಟೆ ಸರಿಸಿ ಕೇಳಿದರು: "ಪತ್ರ ಬಂದು ಎಷ್ಟ ದಿನಾ ಆತು?"

ಕಾಕೂ ಸೆರಗು ಬಾಯಿಗಿಟ್ಟು ಅಳತೊಡಗಿದಳು. ನಾನು ಡಬ್ಬಿಗೆ ಕೈಹಾಕಿ ಲಕೋಟೆ ತೆಗೆದುಕೊಟ್ಟೆ. ಕಾಕಾ ಹಿಟ್ಟು ಝಾಡಿಸಿ ಓದಿದರು. ಎಲುಬಿನ ಮೇಲೊಂದು ಕಲೆ ಇದೆ, ರೋಗವೋ ಅಲ್ಲವೋ ಈಗಲೇ ಹೇಳಲಾಗದು, ಮೂರು ತಿಂಗಳು ಬಿಟ್ಟು ಬನ್ನಿ ಎಂದಷ್ಟೇ ಇತ್ತು. ಕಾಕಾ ಕೆಂಪು ಪೆನ್ಸಿಲ್ ತೆಗೆದು ನಂಬರು ಹಾಕಿದರು.

"ಐದ ದಿನಾ ನೀ ಒಬ್ಬಾಕೀನ ಹೊತ್ತಿಯಲ್ಲ," ಎಂದರು. "ಇನ್ನ ಮೂರು ತಿಂಗಳ ಮೂವರೂ ಕೂಡೇ ಕಾಯೋಣು."

ಹಾಗೆಯೇ ಕಾದೆವು. ಕಾಕಾ ಕಚೇರಿಗೆ ಹೋಗಿ ಬಂದರು, ಸಂಜೆ ಕಾಕೂ ಬೆನ್ನಿಗೆ ಎಣ್ಣೆ ತಿಕ್ಕಿದಳು. ಭಯವಾದ ದಿನ "ಇವತ್ತ ಅಂಜಿಕಿ ಬರಾಕತ್ತೈತಿ" ಎಂದು ಅವರು ಹೇಳಿಯೇ ಬಿಡುತ್ತಿದ್ದರು. ಆ ಸಲ ಕಲೆ ಬೆಳೆದಿರಲಿಲ್ಲ. ಆರು ವರ್ಷ ಬಿಟ್ಟು ಬೆಳೆಯಿತು.

ಈಗ ನನಗೂ ಅದೇ ಗ್ರಂಥಿ, ಅದೇ ಆಪರೇಷನ್. ಮೂರು ದಿನದ ಹಿಂದಿನ ರಕ್ತಪರೀಕ್ಷೆಯಲ್ಲಿ ಆ ರೋಗದ ಸುಳಿವು ಕೊಡುವ ಅಂಕಿ ತುಸು ಏರಿದೆ. ರೋಗ ಮರಳಿರಬಹುದು, ಇರಲಿಕ್ಕಿಲ್ಲ, ಮತ್ತೊಮ್ಮೆ ನೋಡೋಣ ಎಂದಿದ್ದಾರೆ ಡಾಕ್ಟರು. ಆ ಕಾಗದವನ್ನು ನಿಘಂಟಿನೊಳಗೆ ಅಡಗಿಸಿ, ಹೆಂಡತಿಗೆ ಎಲ್ಲಾ ಛಲೋ ಐತಿ ಎಂದಿದ್ದೇನೆ.

ಎದ್ದು ನಿಘಂಟು ತೆರೆದೆ. ಕಾಗದದ ಅಂಚಿಗೆ ಹೂರಣದ ಜಿಗುಟು. ಅದನ್ನು ಹಿಡಿದೇ ಅಡುಗೆಮನೆಗೆ ಹೋದೆ.

"ಮೊನ್ನೇನ ಓದೇನ್ರಿ, ಇವತ್ತ ಮತ್ತೊಮ್ಮೆ ನೋಡಿದೆ," ಎಂದಳು ಆಕೆ, ಲಟ್ಟಿಸುವುದನ್ನು ಬಿಡದೆ. "ನೀವ ಯಾವಾಗ ಹೇಳ್ತೀರಿ ಅಂತ ಕಾಯಾಕತ್ತಿದ್ದೆ."

"ಅಂಜಿಕಿ ಬರಾಕತ್ತೈತಿ," ಎಂದೆ.

"ನನಗೂ," ಎಂದು ಒಲೆ ಆರಿಸಿ, ಎರಡು ತಟ್ಟೆ ಹಾಕಿದಳು.